ಬೇಕರಿ ಎವೆಲಿಯೋನ ರ‍್ಯಾಕು

ಬಂದರಿನ ಊರು ರೆಗ್ಲಾದ ಏರುಬೀದಿಯಲ್ಲಿ ಎವೆಲಿಯೋನ ಕೈಗುಣ ಎಲ್ಲರಿಗೂ ಗೊತ್ತಿತ್ತು. ಅವನ ಕೈ ತಾಕಿದರೆ ಬ್ರೆಡ್ಡು ಉಬ್ಬುತ್ತಿತ್ತು, ಉಳಿದದ್ದೆಲ್ಲ ಕುಸಿಯುತ್ತಿತ್ತು. ಅವನು ಕಟ್ಟಿದ ಕೋಳಿಗೂಡಿನಿಂದ ಕೋಳಿಗಳು ತಾವಾಗಿಯೇ ಹೊರಬಂದು ಎದುರುಮನೆಯವರ ಆಶ್ರಯ ಪಡೆದಿದ್ದವು. ಅವನು ಜಡಿದ ಕಿಟಕಿಬಾಗಿಲು ಗಾಳಿ ಇಲ್ಲದ ದಿನವೂ ಬೀಳುತ್ತಿತ್ತು. ಇಂಥ ಎವೆಲಿಯೋ, ಬೀದಿಯ ಸಮಿತಿಯ ಅಧ್ಯಕ್ಷೆ ಸೊರಾಯ್ದಾಳ ಜಗಲಿಯಲ್ಲಿ ಹತ್ತು ಜನರ ಎದುರು ಎದ್ದು ನಿಂತು, "ಅದೇನು ಮಹಾ, ರ‍್ಯಾಕು ನಾನು ಮಾಡ್ತೀನಿ" ಎಂದಾಗ ಅಲ್ಲಿದ್ದವರು ಕಾಫಿಯ ಬಟ್ಟಲನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕುಳಿತುಬಿಟ್ಟರು.

ವಿಷಯ ಇಷ್ಟೇ. ಬೀದಿಯ ಜನ ತಮ್ಮ ತಮ್ಮ ಮನೆಯ ಕಂಪ್ಯೂಟರುಗಳನ್ನು ತಾರಸಿಯಿಂದ ತಾರಸಿಗೆ ತಂತಿ ಎಳೆದು ತಾವೇ ಜೋಡಿಸಿಕೊಂಡಿದ್ದರು. ಹೊರಜಗತ್ತಿನ ಇಂಟರ್ನೆಟ್ಟು ಅದರಲ್ಲಿ ಇರಲಿಲ್ಲ. ಆಟ, ಹರಟೆ, ಹಳೆಯ ಸಿನಿಮಾ, ಯಾರ ಮನೆಯ ಹಂದಿ ಮಾರಾಟಕ್ಕಿದೆ ಎನ್ನುವ ಸುದ್ದಿ, ಇಷ್ಟಿತ್ತು. ಇದಕ್ಕೆ ಅನುಮತಿ ಕೊಟ್ಟವರು ಯಾರೂ ಇಲ್ಲ, ಕೇಳಿದವರೂ ಇಲ್ಲ. ಎಲ್ಲ ತಂತಿಗಳೂ ಬಂದು ಸೇರುವ ಯಂತ್ರಗಳು ದಂತವೈದ್ಯ ಒರೆಸ್ತೆಸ್‌ನ ಮಂಚದ ಕೆಳಗಿದ್ದವು. ಈಗ ಆತನಿಗೆ ಮತಾನ್ಸಾಸ್‌ಗೆ ವರ್ಗವಾಗಿತ್ತು.

"ಮಂಚದ ಕೆಳಗೆ ಇಟ್ಟು ಇಟ್ಟು ನನಗೆ ಸಾಕಾಗಿದೆ," ಎಂದ ಒರೆಸ್ತೆಸ್. "ಧೂಳು ಬೇರೆ, ಬೆಕ್ಕು ಬೇರೆ. ಮುಂದೆ ಯಾರ ಮನೇಲಿ ಇಡ್ತೀರೋ, ಅಲ್ಲಿ ಸರಿಯಾದ ರ‍್ಯಾಕು ಇರ್ಬೇಕು. ಶನಿವಾರ ನಾನು ಹೊರಡ್ತೀನಿ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಸಾಮಾನೆಲ್ಲ ಬಂದರಿನ ಕಡೆ ಬೀದಿಯವರಿಗೆ ಕೊಟ್ಬಿಡ್ತೀನಿ. ಗ್ವಾನಾಬಕೋವಾ ಕಡೆ ಹೋಗೋ ತಂತಿ ಆಮೇಲೆ ಇರಲ್ಲ, ಈಗಲೇ ಹೇಳಿದೀನಿ."

ಎವೆಲಿಯೋನನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಕೊನೆಯ ಮಾತು. ಅವನ ಅತ್ತೆ ಒರ್ತೆನ್ಸಿಯಾಗೆ ಮಂಡಿ ನೋವು. ಗುಡ್ಡದಾಚೆ ಗ್ವಾನಾಬಕೋವಾದಲ್ಲಿರುವ ಅವಳ ತಂಗಿ ಬೆನೀತಾಗೆ ಮಂಡಿ, ಸೊಂಟ ಎರಡೂ ನೋವು. ಇವಳು ಗುಡ್ಡ ಹತ್ತಲಾರಳು, ಅವಳು ಇಳಿಯಲಾರಳು. ಆದರೂ ಪ್ರತಿದಿನ ಸಂಜೆ ನಾಲ್ಕಕ್ಕೆ ಇಬ್ಬರೂ ಆ ತಂತಿಯ ಮೇಲೆ ಚುಕ್ಕೆಕಾಯಿಗಳ ದೊಮಿನೋ ಆಡುತ್ತ, ಒಬ್ಬರನ್ನೊಬ್ಬರು ಕಳ್ಳಿ, ಮೋಸಗಾತಿ ಎಂದು ಬಾಯಿತುಂಬ ಬೈದುಕೊಳ್ಳುತ್ತಿದ್ದರು. ಒಂದು ದಿನ ವಿದ್ಯುತ್ ಹೋಗಿ ಆಟ ನಿಂತರೆ ಅತ್ತೆ ರಾತ್ರಿ ಊಟ ಬಿಡುತ್ತಿದ್ದಳು.

"ನೀನು ಮಾಡ್ತೀಯಾ?" ಎಂದಳು ಸೊರಾಯ್ದಾ. "ಎವೆಲಿಯೋ, ನಿನ್ನ ಕೋಳಿಗಳು ಈಗಲೂ ನಮ್ಮನೇಲೇ ಇವೆ."

"ಅದು ಕೋಳಿ, ಇದು ಕಂಪ್ಯೂಟರು. ಕಂಪ್ಯೂಟರು ಓಡಿಹೋಗಲ್ಲ."

ಮನೆಗೆ ಬಂದು ಹೇಳಿದಾಗ ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೆನೀತಾಗೆ ಇವತ್ತೇ ಹೇಳಿಬಿಡ್ತೀನಿ," ಎಂದಳು. "ಶುಕ್ರವಾರಕ್ಕೆ ಕೊನೇ ಆಟ ಅಂತ."

ರ‍್ಯಾಕು ಎಂದರೆ ಹೇಗಿರಬೇಕು? ಎವೆಲಿಯೋ ಜೀವಮಾನದಲ್ಲಿ ಚೆನ್ನಾಗಿ ಬಲ್ಲ ರ‍್ಯಾಕು ಒಂದೇ: ಬೇಕರಿಯಲ್ಲಿ ನಾದಿದ ಹಿಟ್ಟನ್ನು ಉಬ್ಬಲು ಇಡುವ ಎತ್ತರದ ಬೀರು. ಎರಡೂ ಬದಿಗೆ ಪಟ್ಟಿ, ಪಟ್ಟಿಯ ಮೇಲೆ ಜಾರುವ ಟ್ರೇ, ಸುತ್ತ ಗಾಳಿಯಾಡದ ಹಲಗೆ, ಮುಂದೆ ಬೆಚ್ಚಗೆ ಇಳಿಬಿಟ್ಟ ಬಿಳಿ ಬಟ್ಟೆ. ಇದಕ್ಕಿಂತ ಮೇಲಾದ ರ‍್ಯಾಕು ಜಗತ್ತಿನಲ್ಲಿ ಇರಬಹುದು ಎಂಬ ಸಂಶಯವೇ ಅವನಿಗೆ ಬರಲಿಲ್ಲ. ಬೇಕರಿಯ ಮೇಲ್ವಿಚಾರಕರನ್ನು ಕೇಳಿ, ಡೊಂಕಾಗಿ ಮೂಲೆಗೆ ಬಿದ್ದಿದ್ದ ಟ್ರೇಗಳನ್ನು ತಂದ. ಮರಕ್ಕೇನು ಮಾಡುವುದು? ಊರಿನಲ್ಲಿ ಮರ ಸಿಗುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಬಟ್ಟೆಯ ಬೀರು ಇತ್ತು. ಹೆಂಡತಿ ಮಿಲಾದಿಸ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ಸಂಜೆ ಮನೆಗೆ ಬಂದಾಗ ಅವಳ ಉಡುಪು, ಲಂಗ, ರವಿಕೆ ಎಲ್ಲ ಮಂಚದ ಮೇಲೆ ಗುಡ್ಡೆ ಬಿದ್ದಿದ್ದವು. ಬೀರುವಿನ ಕನ್ನಡಿ ಗೋಡೆಗೆ ಮುಖ ಮಾಡಿ ಮಂಚದ ಕೆಳಗೆ ಕುಳಿತಿತ್ತು.

ಮಿಲಾದಿಸ್ ಬಟ್ಟೆಯ ಗುಡ್ಡೆಯನ್ನು ಸರಿಸಿ ಮಂಚದ ತುದಿಗೆ ಕುಳಿತಳು. ಆಮೇಲೆ ಕೇಳಿದಳು: "ಅಮ್ಮನ ಆಟಕ್ಕಾ?"

"ಹೂಂ."

"ಸರಿ ಹಾಗಾದ್ರೆ. ಮೊಳೆ ಹೊಡೆಯೋವಾಗ ಮಾತ್ರ ಹಲಗೆ ನಾನು ಹಿಡ್ಕೋತೀನಿ, ನೀನು ಹಿಡ್ಕೊಂಡೂ ಹೊಡೆದೂ ಮಾಡ್ಬೇಡ."

ಗುರುವಾರ ಬೀರು ಎದ್ದು ನಿಂತಿತು. ತುಸು ಬಂದರಿನ ಕಡೆಗೆ ವಾಲಿತ್ತು, ಆದರೆ ನಿಂತಿತ್ತು. ಸಂತೋಷದಲ್ಲಿ ಎವೆಲಿಯೋ ಅದಕ್ಕೆ ವಾರ್ನಿಷ್ ಬಳಿಯಲು ಹೊರಟ. ಡಬ್ಬಿಯನ್ನು ಬೀರುವಿನ ನೆತ್ತಿಯ ಮೇಲಿಟ್ಟು ಕೆಳಗೆ ಬಗ್ಗಿದ. ಬೀರು ವಾಲಿತ್ತು ಎಂದು ಆಗಲೇ ಹೇಳಿದ್ದೇನೆ.

ತಲೆಗೂದಲಿಗೆ ಮೆತ್ತಿದ ವಾರ್ನಿಷ್ಷು ಸೀಮೆಎಣ್ಣೆಗೂ ಜಗ್ಗಲಿಲ್ಲ. ಮಿಲಾದಿಸ್ ಅವನನ್ನು ಹಿತ್ತಲಲ್ಲಿ ಕೂರಿಸಿ ನುಣ್ಣಗೆ ಬೋಳಿಸಿದಳು. ಬಿಸಿಲಿಗೆ ನೆತ್ತಿ ಸುಡಬಾರದೆಂದು ಬಿಳಿಯ ಬಟ್ಟೆ ಸುತ್ತಿದಳು. ಅವನ ಬಣ್ಣದ ಅಂಗಿಗಳೆಲ್ಲ ವಾರ್ನಿಷ್ ಒರೆಸುವುದಕ್ಕೆ ಖರ್ಚಾಗಿದ್ದರಿಂದ, ಬೇಕರಿಯಲ್ಲಿ ಕೊಟ್ಟ ಬಿಳಿ ಅಂಗಿ, ಬಿಳಿ ಷರಾಯಿಯನ್ನೇ ಮನೆಯಲ್ಲೂ ಬೀದಿಯಲ್ಲೂ ತೊಡತೊಡಗಿದ.

ಇಲ್ಲಿ ಒಂದು ಮಾತು. ರೆಗ್ಲಾದಲ್ಲಿ ಗಂಡಸೊಬ್ಬ ತಲೆ ಬೋಳಿಸಿಕೊಂಡು, ನೆತ್ತಿಗೆ ಬಿಳಿ ಸುತ್ತಿ, ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟು ಓಡಾಡಿದರೆ ಚಿಕ್ಕ ಮಗುವಿಗೂ ಅದರ ಅರ್ಥ ಗೊತ್ತು: ಅವನು ಸಂತನ ದೀಕ್ಷೆ ತೆಗೆದುಕೊಂಡಿದ್ದಾನೆ. ವರ್ಷಪೂರ್ತಿ ಬಿಳಿ ಉಡಬೇಕು. ಮನೆಯ ಮುಂಕೋಣೆಯಲ್ಲಿ ಅಂಕಣಗಳಿರುವ ಎತ್ತರದ ಬೀರುವಿನಲ್ಲಿ ಸಂತರ ಮಡಕೆಗಳನ್ನು ಕೂರಿಸಿ, ಮುಂದೆ ಬಟ್ಟೆ ಇಳಿಬಿಡಬೇಕು. ಅವನ ಕೈಯನ್ನು ಯಾರೂ ಮುಟ್ಟಬಾರದು. ಯಾವ ಸಂತ, ಯಾಕೆ, ಏನು ಎಂದು ಕೇಳುವುದಂತೂ ಮರ್ಯಾದೆಯೇ ಅಲ್ಲ. ಎವೆಲಿಯೋಗೂ ಇದೆಲ್ಲ ಗೊತ್ತಿದ್ದದ್ದೇ. ಆದರೆ ತನ್ನ ತಲೆ ತನಗೆ ಕಾಣುವುದಿಲ್ಲ. ಕಾಣಿಸಬೇಕಾಗಿದ್ದ ಕನ್ನಡಿ ಮಂಚದ ಕೆಳಗೆ ಗೋಡೆ ನೋಡುತ್ತಿತ್ತು.

ಮೊದಲು ಕಂಡವಳು ಸೊರಾಯ್ದಾ. ಎದುರುಮನೆಯ ಕಿಟಕಿಯಿಂದ ಬೀರು ಕಂಡಿತು, ಬಿಳಿ ಪರದೆ ಕಂಡಿತು, ಆಮೇಲೆ ಬೋಳುತಲೆ ಕಂಡಿತು. ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟು ಬೀದಿಗಿಳಿದಳು.

"ಮೋಂಗೋ, ನೋಡಿದ್ಯಾ?" ಎಂದು ಮೀನು ಹಿಡಿಯುವ ಮೋಂಗೋನನ್ನು ತಡೆದಳು. "ರ‍್ಯಾಕು ರ‍್ಯಾಕು ಅಂತ ನಮ್ಮ ಕಣ್ಣಿಗೆ ಮಣ್ಣೆರಚಿದ. ನಾಚಿಕೆ ಸ್ವಭಾವ ಪಾಪ. ಒಳಗೊಳಗೇ ಸಂತನ್ನ ತಗೊಂಡಿದಾನೆ."

"ಎವೆಲಿಯೋನಾ? ಅವನಿಗೆ ಯಾವ ಸಂತ ಒಲೀತಾನೆ?"

"ಕಡಲ ತಾಯಿ ಯೆಮಯಾ. ನಿನ್ನೆ ನಮ್ಮನೇಗೆ ಬಂದು ನೀಲಿ ತಂತಿ ಇದೆಯಾ ಅಂದ. ನೀಲಿಯೇ ಬೇಕು, ಬೇರೆ ಬೇಡ ಅಂದ. ನಾನು ಆಗಲೇ ಅಂದ್ಕೊಂಡೆ."

ನೀಲಿ ಯೆಮಯಾಳ ಬಣ್ಣ, ಕಲ್ಲಂಗಡಿ ಅವಳ ನೈವೇದ್ಯ. ಅದು ಮೋಂಗೋಗೂ ತಿಳಿದದ್ದೇ. ಅವನು ಟೋಪಿ ತೆಗೆದ. "ಹಾಗಾದ್ರೆ ಕಳೆದ ತಿಂಗಳು ಬ್ರೆಡ್ಡು ಸೀದಿದೆ ಅಂತ ಅವನಿಗೆ ಬೈದೆನಲ್ಲ ನಾನು," ಎಂದು ಚಿಂತೆಗೆ ಬಿದ್ದ.

ಆ ದಿನದಿಂದ ಎವೆಲಿಯೋನ ಬದುಕಿನಲ್ಲಿ ಹಿಂದೆಂದೂ ಕಾಣದ ಗೌರವ ಶುರುವಾಯಿತು. ಅವನು ಕೈ ಚಾಚಿದರೆ ಜನ ಎದೆಯ ಮೇಲೆ ಕೈ ಕಟ್ಟಿ ತಲೆ ಬಾಗಿಸುತ್ತಿದ್ದರು. ವಾರ್ನಿಷ್ ಅಂಟೀತೆಂದು ಹೆದರುತ್ತಾರೆ ಎಂದುಕೊಂಡ. ಮೊಟ್ಟೆಯ ಸಾಲಿನಲ್ಲಿ ಅವನನ್ನು ಮುಂದೆ ಕಳಿಸಿದರು. ಸೊರಾಯ್ದಾ ಅವನ ಕೋಳಿಗಳನ್ನು ಕಾಲಿಗೆ ದಾರ ಕಟ್ಟಿ ತಂದು ಬಾಗಿಲಲ್ಲಿ ಬಿಟ್ಟು ಹೋದಳು. ಮೋಂಗೋ ತನ್ನ ತಲೆಗಿಂತ ದೊಡ್ಡದೊಂದು ಕಲ್ಲಂಗಡಿ ಹಣ್ಣು ಹೊತ್ತು ತಂದ.

"ನನ್ನಿಂದ ಏನೋ ಚಿಕ್ಕದು," ಎಂದ ನೆಲ ನೋಡುತ್ತ. "ಬೀರುವಿನ ಮುಂದೆ ಇಟ್ಟುಬಿಡು."

"ಬೀರುವಿನ ಮುಂದೆ ಯಾಕೆ, ಬಾವಿ ನೀರಲ್ಲಿ ಇಟ್ರೆ ತಣ್ಣಗಿರುತ್ತೆ."

"ನಿನಗೆ ಹೇಗೆ ಹೇಳಿಕೊಟ್ಟಿದಾರೋ ಹಾಗೆ ಮಾಡಪ್ಪ. ನಾನು ಕೇಳಲ್ಲ."

ಎಂಥ ಕೃತಜ್ಞತೆ, ಎಂದುಕೊಂಡ ಎವೆಲಿಯೋ. ಒಂದು ರ‍್ಯಾಕಿಗೆ ಜನ ಇಷ್ಟು ಉಬ್ಬಿಹೋದರಲ್ಲ, ಎರಡು ಮಾಡಿದ್ದರೆ ಏನು ಗತಿ? ಕಲ್ಲಂಗಡಿಯನ್ನು ಮನೆಮಂದಿ ಕೂತು ತಿಂದರು. ಅತ್ತೆ ಮಾತ್ರ ಬೀಜ ಉಗಿಯುತ್ತ ಗೊಣಗಿದಳು: "ಒಂದು ನಿಂಬೆಹಣ್ಣು ಕೊಡದವನು ಕಲ್ಲಂಗಡಿ ಕೊಡ್ತಾನೆ ಅಂದ್ರೆ ಇದರಲ್ಲಿ ಏನೋ ಇದೆ."

ಶುಕ್ರವಾರ ದಂತವೈದ್ಯ ಯಂತ್ರಗಳನ್ನು ಹೊತ್ತು ತಂದ. ಬೀರುವಿನ ಬಟ್ಟೆ ಸರಿಸಿ, ಟ್ರೇ ಎಳೆದು, ಅದರ ಮೇಲೆ ಬೆರಳಾಡಿಸಿ ನೋಡಿದ. ಬೆರಳು ಬೆಳ್ಳಗಾಯಿತು.

"ಇದೇನು?"

"ಹಿಟ್ಟು. ತಳ ಅಂಟಬಾರದಲ್ಲ."

ಒರೆಸ್ತೆಸ್ ಕನ್ನಡಕ ತೆಗೆದು ಒರೆಸಿಕೊಂಡ. ಎಷ್ಟೋ ಜನರ ಹಲ್ಲು ಕಿತ್ತ ಮನುಷ್ಯ. ಎದುರಿಗಿರುವವರಿಗೆ ನೋವಾಗದಂತೆ ಮಾತಾಡುವುದು ಅವನಿಗೆ ಅಭ್ಯಾಸವಾಗಿತ್ತು. "ಎವೆಲಿಯೋ, ಕೆಲಸ ಗಟ್ಟಿಯಾಗಿದೆ. ಆದ್ರೆ ಇದು ಒಳಗಿನ ಬಿಸಿ ಹೊರಗೆ ಬಿಡದ ಬೀರು. ಇವಕ್ಕೆ ಬೇಕಾಗಿರೋದು ಅದರ ಉಲ್ಟಾ."

"ಬಿಸಿ ಇಲ್ದೆ ಹೇಗೆ ಉಬ್ಬುತ್ತೆ?"

"ಇವು ಉಬ್ಬಬಾರದು, ಮಹರಾಯ."

ಅರ್ಧ ಗಂಟೆಯೊಳಗೆ ದಂತವೈದ್ಯನ ಮಾತು ನಿಜವಾಯಿತು. ಯಂತ್ರಗಳು ಒಂದೊಂದಾಗಿ ಮೂರ್ಛೆ ಹೋದವು. ಒಳಕೋಣೆಯಲ್ಲಿ ಅತ್ತೆಯ ಪರದೆಯ ಮೇಲಿದ್ದ ದೊಮಿನೋ ಮಾಯವಾಯಿತು. ಅವಳು ಮಡಿಲಲ್ಲಿ ಕೈಯಿಟ್ಟು ಖಾಲಿ ಪರದೆ ನೋಡುತ್ತ ಕುಳಿತಳು. ಬೈದಿದ್ದರೆ ಎವೆಲಿಯೋ ಸಹಿಸಿಕೊಳ್ಳುತ್ತಿದ್ದ, ಇದನ್ನು ಸಹಿಸಲಾಗಲಿಲ್ಲ. ಗರಗಸ ತಂದು ಬೀರುವಿನ ಬೆನ್ನನ್ನು ಪೂರ್ತಿ ಕೊಯ್ದ. ಕೆಟ್ಟು ಕುಳಿತಿದ್ದ ರಷ್ಯದ ಬಟ್ಟೆ ಒಗೆಯುವ ಯಂತ್ರದ ಮೋಟಾರು ಬಿಚ್ಚಿ, ಅದಕ್ಕೆ ತಗಡಿನ ರೆಕ್ಕೆ ಕಟ್ಟಿ ಹಿಂದೆ ನಿಲ್ಲಿಸಿದ. ಗಾಳಿ ಬಂತು. ಗಾಳಿಯ ಜೊತೆ ಡುಂ ಡುಂ ಡುಡುಂ ಎಂದು ಒಂದು ಸದ್ದೂ ಬಂತು. ಅತ್ತೆಯ ಕಿವಿ ಮಂದವಾದ್ದರಿಂದ ಹಳೆಯ ರೇಡಿಯೋದ ದೊಡ್ಡ ಸ್ಪೀಕರನ್ನು ಬೀರುವಿನ ಕೆಳಗಿನ ಅಂಕಣದಲ್ಲಿ ಕೂರಿಸಿದ. ಧೂಳು ಬೀಳದಿರಲೆಂದು ಮುಂದಿನ ಬಿಳಿ ಬಟ್ಟೆಯನ್ನು ಹಾಗೆಯೇ ಬಿಟ್ಟ. ಯಂತ್ರಗಳು ಕಣ್ಣು ಬಿಟ್ಟವು. ಶನಿವಾರ ಒರೆಸ್ತೆಸ್ ನೆಮ್ಮದಿಯಿಂದ ಮತಾನ್ಸಾಸ್‌ಗೆ ಹೋದ.

ಎದುರುಮನೆಯಲ್ಲಿ ಸೊರಾಯ್ದಾ ಗಂಡನಿಗೆ ಹೇಳಿದಳು: "ಕೇಳಿಸ್ತಾ? ಡೋಲು. ಬಟ್ಟೆಯ ಹಿಂದೆ ದೀಪ ಬೇರೆ ಮಿಣಮಿಣ ಅಂತಿದೆ. ಮೈಮೇಲೆ ಬರೋ ಹಾಗಿದೆ ಇವತ್ತು."

ಮಂಗಳವಾರ ಸಂಜೆ ಇನ್ಸ್‌ಪೆಕ್ಟರ್ ಬಂದರು. ದಪ್ಪ ಮೀಸೆ, ಬಳಲಿದ ಕಣ್ಣು, ಬೀದಿ ದಾಟುವ ಅನಧಿಕೃತ ತಂತಿಗಳನ್ನು ಹುಡುಕುವ ಕೆಲಸ. ಗುಡ್ಡದ ಮೇಲಿನಿಂದ ಒಂದು ನೀಲಿ ತಂತಿಯನ್ನು ಹಿಂಬಾಲಿಸಿ, ತಲೆ ಎತ್ತಿಕೊಂಡೇ ಇಳಿಯುತ್ತ, ಎವೆಲಿಯೋನ ಬಾಗಿಲಿಗೆ ಬಂದು ನಿಂತರು. ಅಷ್ಟರಲ್ಲಿ ಅರ್ಧ ಬೀದಿ ಅವರ ಹಿಂದಿತ್ತು. ಸರ್ಕಾರದ ಕೆಲಸಕ್ಕೆ ನೆರವಾಗಬೇಕಾದ ಅಧ್ಯಕ್ಷೆ ಸೊರಾಯ್ದಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗೆ ಹೋಗೋ ಹಾಗಿಲ್ಲ ಸಾಹೇಬ್ರೇ. ಹೊಸದಾಗಿ ದೀಕ್ಷೆ ತಗೊಂಡ ಮನೆ."

"ತಂತಿ ಒಳಗೆ ಹೋಗಿದೆಯಲ್ಲಮ್ಮ."

"ತಂತಿಗೆ ಮಡಿಮೈಲಿಗೆ ಇಲ್ಲ. ನಿಮಗಿದೆ. ಟೋಪಿ ತೆಗೀರಿ ಮೊದಲು."

ಇನ್ಸ್‌ಪೆಕ್ಟರ್ ಟೋಪಿ ತೆಗೆದರು. ಕಿಟಕಿಯಿಂದ ಬಿಳಿ ಪರದೆ ಕಂಡಿತು, ಹಿಂದೆ ದೀಪಗಳು ಕಂಡವು, ಡುಂ ಡುಂ ಡುಡುಂ ಕೇಳಿಸಿತು. ಬಗ್ಗಿ ಬೆರಳ ತುದಿಯಿಂದ ಹೊಸಿಲು ಮುಟ್ಟಿ ಎದೆಗೆ ತಾಕಿಸಿಕೊಂಡರು. ಆಗ ಒಳಗಿನಿಂದ ಎವೆಲಿಯೋ ಬಂದ: ಬೋಳುತಲೆ, ಬಿಳಿ ಬಟ್ಟೆ, ಕೈಯಲ್ಲಿ ಕೋಳಿ. ಕೋಳಿ ಮತ್ತೆ ತಪ್ಪಿಸಿಕೊಂಡಿತ್ತು, ಅಷ್ಟೆ. ಆದರೆ ಹೊರಗಿದ್ದ ಜನರೆಲ್ಲ ಒಮ್ಮೆಗೇ ತಲೆ ಬಾಗಿಸಿದರು.

ಅವನಿಗೆ ಅರ್ಥವಾದದ್ದು ಆಗ. ತಲೆ ಮುಟ್ಟಿ ನೋಡಿಕೊಂಡ. ಅಂಗಿ ನೋಡಿಕೊಂಡ. ತಿಂದು ಮುಗಿಸಿದ ಕಲ್ಲಂಗಡಿ ನೆನಪಾಯಿತು.

"ಇದು ನಿಮ್ಮ ಸಂತನ ಬೀರೇನಪ್ಪಾ?" ಎಂದು ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದರು. "ಹೌದು ಅಂದ್ರೆ ನಾನು ಹೊರಟೆ."

ಹೌದು ಎಂದರೆ ತಂತಿ ಉಳಿಯುತ್ತದೆ, ಅತ್ತೆಯ ಆಟ ಉಳಿಯುತ್ತದೆ. ಎವೆಲಿಯೋನ ಬಾಯಿ ಮುಚ್ಚಿಯೇ ಇತ್ತು. ಬೋಳುತಲೆ ಮಾತ್ರ ಅವನನ್ನು ಕೇಳದೆ ಮೇಲಕ್ಕೂ ಕೆಳಕ್ಕೂ ಅಲ್ಲಾಡಿತು.

ಅದೇ ಹೊತ್ತಿಗೆ ಗಂಟೆ ನಾಲ್ಕಾಗಿತ್ತು. ಬಿಳಿ ಪರದೆಯ ಹಿಂದಿನಿಂದ ಒಂದು ಗಡಸು ಹೆಣ್ಣುದನಿ ಬೀದಿಗೆಲ್ಲ ಕೇಳುವಂತೆ ಮೊಳಗಿತು:

"ಏನೇ, ಸತ್ತೋದ್ಯೇನೇ? ಆಡೋದಿದ್ರೆ ಆಡು, ಇಲ್ದಿದ್ರೆ ಪಾಸ್ ಅನ್ನು. ನನ್ನ ಕಾಫಿ ಆರ್ತಾ ಇದೆ."

ಮೋಂಗೋ ಮಂಡಿಯೂರಿಬಿಟ್ಟ. ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು ಸೊರಾಯ್ದಾಳ ಕಾಲು ತುಳಿದರು. ಒಳಕೋಣೆಯಿಂದ ಒರ್ತೆನ್ಸಿಯಾ ಕೋಲೂರುತ್ತ ಬಂದಳು. ಜನರನ್ನು ನೋಡಿದಳು, ಮಂಡಿಯೂರಿದ ಮೋಂಗೋನನ್ನು ನೋಡಿದಳು, ಅಳಿಯನ ತಲೆ ನೋಡಿದಳು. ಕಲ್ಲಂಗಡಿಯ ಲೆಕ್ಕ ಅವಳಿಗೆ ಸರಿಹೋಯಿತು.

"ಏಳೋ ಮೋಂಗೋ, ಷರಾಯಿ ಕೊಳೆಯಾಗುತ್ತೆ," ಎಂದಳು. "ಸಾಹೇಬ್ರೇ, ಇವನ ತಲೇಲಿ ಇದ್ದದ್ದು ವಾರ್ನಿಷ್ಷು. ಇದು ಬ್ರೆಡ್ಡಿನ ಬೀರು. ನಲವತ್ತು ವರ್ಷ ಕಡಲ ತಾಯಿ ಮುಂದೆ ತಲೆ ಬಾಗಿಸಿದೀನಿ, ಅವಳ ಹೆಸರಲ್ಲಿ ನನ್ನ ಮನೇಲಿ ಸುಳ್ಳು ನಡಿಯೋ ಹಾಗಿಲ್ಲ. ಒಳಗೆ ಮಾತಾಡಿದ್ದು ನನ್ನ ತಂಗಿ ಬೆನೀತಾ. ಅವಳು ಗ್ವಾನಾಬಕೋವಾದಲ್ಲಿದಾಳೆ. ಈ ಜನ್ಮದಲ್ಲಿ ಇನ್ನು ನಾನು ಅಲ್ಲಿಗೆ ಹೋಗೋಕಾಗಲ್ಲ, ಅವಳು ಇಲ್ಲಿಗೆ ಬರೋಕಾಗಲ್ಲ. ಈ ಪೆಟ್ಟಿಗೇಲಿ ಜಗಳ ಆಡ್ಕೋತೀವಿ. ನನ್ನ ಅಳಿಯ ಮದುವೆ ಬೀರು ಒಡೆದು ಇದನ್ನ ಮಾಡ್ದ, ನನಗೋಸ್ಕರ. ಕತ್ತರಿಸೋದಾದ್ರೆ ಕತ್ತರಿಸಿ. ಒಂದಾಟ ಮುಗೀಲಿ, ಅಷ್ಟೇ ಕೇಳೋದು. ಕೈಯಲ್ಲಿ ಒಳ್ಳೇ ಕಾಯಿ ಬಂದಿದೆ."

ಮೋಂಗೋ ಎದ್ದು ಷರಾಯಿಯ ಧೂಳು ಕೊಡವಿಕೊಳ್ಳುತ್ತ ಕೇಳಿದ: "ನನ್ನ ಕಲ್ಲಂಗಡಿ?"

"ತಿಂದ್ವಿ," ಎಂದ ಎವೆಲಿಯೋ. "ಸಿಹಿಯಿತ್ತು."

ಇನ್ಸ್‌ಪೆಕ್ಟರ್ ಪರದೆ ಸರಿಸಿ ಬೀರುವಿನ ಒಳಗೆ ಇಣುಕಿದರು. ಹಿಟ್ಟು ಬಳಿದ ಟ್ರೇಗಳ ಮೇಲೆ ಸಾಲಾಗಿ ಕುಳಿತ ಯಂತ್ರಗಳನ್ನು ಬಹಳ ಹೊತ್ತು ನೋಡಿದರು. ಪರದೆಯನ್ನು ಮೊದಲಿನಂತೆಯೇ ಇಳಿಬಿಟ್ಟು ಟೋಪಿ ಹಾಕಿಕೊಂಡರು.

"ಮನೆಯೊಳಗಿನ ಬೀರು ನನ್ನ ಕೆಲಸಕ್ಕೆ ಸೇರಿದ್ದಲ್ಲ. ಬೀದಿ ನನ್ನದು," ಎಂದರು. "ಇವತ್ತು ಕತ್ತರಿ ತಂದಿಲ್ಲ. ನಾಳೆ ಇದೇ ಹೊತ್ತಿಗೆ ತರ್ತೀನಿ. ಬೀದೀಲಿ ನನ್ನ ಕಣ್ಣಿಗೆ ಬಿದ್ದ ತಂತಿನೆಲ್ಲ ಕತ್ತರಿಸ್ತೀನಿ. ಕಣ್ಣಿಗೆ ಬಿದ್ದದ್ದನ್ನ ಬಿಡೋ ಮನುಷ್ಯ ಅಲ್ಲ ನಾನು." ಹೀಗೆಂದು ಗುಡ್ಡ ಇಳಿದು ಹೋದರು.

ಎವೆಲಿಯೋ ಮೆಟ್ಟಿಲ ಮೇಲೆ ಕುಸಿದ. ನೆರೆಯವರು ಅವನ ಕಡೆ ನೋಡದೆ ಚದುರತೊಡಗಿದರು. ಸಂತನಲ್ಲದವನಿಗೆ ತಲೆ ಬಾಗಿಸಿದ ಮುಜುಗರ ಎಲ್ಲರ ಕತ್ತಿನಲ್ಲೂ ಇತ್ತು. ಕೆಲಸದಿಂದ ಬಂದ ಮಿಲಾದಿಸ್ ನಡೆದದ್ದನ್ನೆಲ್ಲ ಕೇಳಿಕೊಂಡಳು.

"ಅವರು ಏನಂದ್ರು, ಸರಿಯಾಗಿ ಹೇಳು."

"ಕಣ್ಣಿಗೆ ಬಿದ್ದ ತಂತಿ ಕತ್ತರಿಸ್ತೀನಿ ಅಂದ್ರು."

"ಎಷ್ಟು ಸಲ ಅಂದ್ರು, ಕಣ್ಣಿಗೆ ಬಿದ್ದ ಅಂತ?"

"ಎರಡು ಸಲ. ಯಾಕೆ?"

ಮಿಲಾದಿಸ್ ಗಂಡನ ಬೋಳುತಲೆಯನ್ನು ಒಮ್ಮೆ ಸವರಿ ಎದುರುಮನೆಗೆ ಹೋದಳು. ಸೊರಾಯ್ದಾಳ ಜೊತೆ ಏನೋ ಪಿಸುಗುಟ್ಟಿದಳು. ಸೊರಾಯ್ದಾ ಎವೆಲಿಯೋನ ಕಡೆ ಒಂದು ಸಲ ಕೆಕ್ಕರಿಸಿ ನೋಡಿ, ಆಮೇಲೆ ಬಕೆಟ್ಟು ಹುಡುಕಿದಳು.

ಮಾರನೆಯ ದಿನ ಆ ಏರುಬೀದಿಯಲ್ಲಿ ಕಂಡುಬಂದ ಶುಚಿತ್ವ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಮನೆಯಿಂದ ಮನೆಗೆ, ತಂತಿ ಹೋದಲ್ಲೆಲ್ಲ ಒದ್ದೆ ಬಟ್ಟೆ: ಚಾದರ, ಮೇಜುಬಟ್ಟೆ, ಮದುವಣಗಿತ್ತಿಯ ಉಡುಪು, ಸತ್ತ ಮಾವನ ಕೋಟು. ಸೋಪು ಇದ್ದವರು ಒಗೆದಿದ್ದರು, ಇಲ್ಲದವರು ಬರೇ ನೀರಲ್ಲಿ ಅದ್ದಿದ್ದರು. ಮೋಂಗೋ ತನ್ನ ಷರಾಯಿಗಳು ಸಾಲದೆ ಬಲೆಯನ್ನೂ ತಂದು ಹರವಿದ.

"ಮೋಂಗೋ, ತಪ್ಪಾಯ್ತು," ಎಂದ ಎವೆಲಿಯೋ.

"ನಿನಗೋಸ್ಕರ ಅಲ್ಲ," ಎಂದ ಮೋಂಗೋ. "ಬೆನೀತಾಗೋಸ್ಕರ. ಆ ತುದಿ ಹಿಡ್ಕೋ. ಗಟ್ಟಿಯಾಗಿ ಹಿಡ್ಕೊಳ್ಳಯ್ಯ, ನೀನು ಹಿಡಿದದ್ದು ಯಾವುದೂ ನಿಲ್ಲಲ್ಲ."

ನಾಲ್ಕಕ್ಕೆ ಇನ್ಸ್‌ಪೆಕ್ಟರ್ ದೊಡ್ಡ ಕತ್ತರಿ ಹಿಡಿದು ಬಂದರು. ಟೋಪಿಯ ಮೇಲೆ ತೊಟತೊಟ ನೀರು ಬೀಳುತ್ತಿದ್ದರೂ ಚಾದರಗಳ ಅಡಿಯಲ್ಲಿ ಇಡೀ ಬೀದಿ ಹತ್ತಿದರು. ಜನ ಬಾಗಿಲುಗಳಲ್ಲಿ ಉಸಿರು ಹಿಡಿದು ನಿಂತಿದ್ದರು.

"ಬುಧವಾರ ಒಗೀತೀರಾ ಎಲ್ಲರೂ?" ಎಂದು ಕೇಳಿದರು.

"ನಮ್ಮ ಸಮಿತಿಯ ತೀರ್ಮಾನ ಅದು," ಎಂದಳು ಸೊರಾಯ್ದಾ.

"ಒಳ್ಳೇ ತೀರ್ಮಾನ."

ಎವೆಲಿಯೋನ ಬಾಗಿಲ ಹತ್ತಿರ, ತಂತಿ ತಾರಸಿಯಿಂದ ಕಿಟಕಿಗೆ ಇಳಿಯುವ ಕಡೆ, ಅವರು ನಿಂತರು. ಒಳಗಿನಿಂದ ಡುಂ ಡುಂ ಸದ್ದಿನ ನಡುವೆ ಒರ್ತೆನ್ಸಿಯಾಳ ದನಿ ಏರಿತ್ತು: "ಕಳ್ಳೀ, ಆ ಐದು-ಮೂರನ್ನ ಇಷ್ಟೊತ್ತು ಎಲ್ಲಿ ಬಚ್ಚಿಟ್ಟಿದ್ಯೇ?"

"ಯಾರು ಗೆಲ್ತಿರೋದು?" ಎಂದು ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ ಕೇಳಿದರು.

"ಬೆನೀತಾ ಚಿಕ್ಕಮ್ಮ," ಎಂದ ಎವೆಲಿಯೋ.

ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದಿತು. ಬಾಗಿಲ ಮುಂದಿನ ಚಾದರ ಎವೆಲಿಯೋನೇ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದು. ಅದು ಒಂದು ಕಡೆ ಕಳಚಿ ಇಳಿಬಿತ್ತು. ಇನ್ಸ್‌ಪೆಕ್ಟರರ ಮೂಗಿನ ನೇರಕ್ಕೆ ನೀಲಿ ತಂತಿ ಹೊಳೆಯಿತು.

ಇನ್ಸ್‌ಪೆಕ್ಟರ್ ತಂತಿಯನ್ನು ನೋಡಿದರು. ಎವೆಲಿಯೋನ ಬೆವರಿದ ಬೋಳುತಲೆಯನ್ನು ನೋಡಿದರು. ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲಕ್ಕೆ ಬಿದ್ದಿದ್ದ ಕ್ಲಿಪ್ಪನ್ನು ಬಗ್ಗಿ ಎತ್ತಿಕೊಂಡು, ಚಾದರದ ತುದಿಯನ್ನು ತಂತಿಯ ಮೇಲಕ್ಕೆ ಎಳೆದು ನೀಟಾಗಿ ಸಿಕ್ಕಿಸಿದರು.

"ಮಣ್ಣಾದ್ರೆ ಮತ್ತೆ ಒಗೀಬೇಕಾಗುತ್ತೆ ಪಾಪ, ಹೆಂಗಸರು," ಎಂದು ಹೇಳಿ, ಗುಡ್ಡ ಇಳಿಯತೊಡಗಿದರು.